ಚೌಕಗಳಲ್ಲಿ ಬೆಳೆದ ಊರುಗಳು

1970ರಲ್ಲಿ ಅಮೆರಿಕದ ‘ಎಕನಾಮಿಕ್ ಜಿಯಾಗ್ರಫಿ’ ಪತ್ರಿಕೆಯಲ್ಲಿ ಕೆಲವೇ ಪುಟಗಳ ಒಂದು ಪ್ರಬಂಧ ಅಚ್ಚಾಯಿತು. ಬರೆದವರು ಮಿಷಿಗನ್ ವಿಶ್ವವಿದ್ಯಾಲಯದ ಭೂಗೋಳ ವಿಜ್ಞಾನಿ ವಾಲ್ಡೊ ಟೋಬ್ಲರ್. ಅವರು ಕಂಪ್ಯೂಟರ್ ಬಳಸಿ ಒಂದು ಸಿನಿಮಾ ಮಾಡಿದ್ದರು. ಅದರಲ್ಲಿ ನಟರಿರಲಿಲ್ಲ, ಕಥೆಯಿರಲಿಲ್ಲ. ಡೆಟ್ರಾಯ್ಟ್ ನಗರ ಮತ್ತು ಅದರ ಸುತ್ತಲಿನ ಜನವಸತಿ ಕಾಲಕಾಲಕ್ಕೆ ಹೇಗೆ ಉಬ್ಬುತ್ತ, ಹರಡುತ್ತ ಹೋಗುತ್ತದೆ ಎಂಬುದಷ್ಟೇ ಇತ್ತು. ಊರು ಬೆಳೆಯುವುದನ್ನು ಯಾರೂ ಕಣ್ಣಾರೆ ಕಾಣಲಾರರು. ಪಕ್ಕದ ಸೈಟಿನಲ್ಲಿ ಮನೆ ಏಳುವುದು ಕಾಣುತ್ತದೆ, ಎದುರಿನ ರಸ್ತೆ ಅಗಲವಾಗುವುದು ಕಾಣುತ್ತದೆ. ಮೂವತ್ತು ನಲವತ್ತು ವರ್ಷಗಳ ಒಟ್ಟು ಚಲನೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅಷ್ಟು ಕಾಲವನ್ನು ಕಿರಿದಾಗಿಸಿ ಪರದೆಯ ಮೇಲೆ ಓಡಿಸಿದರೆ ಹೊಸದೇನಾದರೂ ಹೊಳೆದೀತು ಎಂಬುದು ಟೋಬ್ಲರ್ ಅವರ ಆಸೆಯಾಗಿತ್ತು.

ಅವರು ಮಾಡಿದ್ದು ಇಷ್ಟು. ಡೆಟ್ರಾಯ್ಟ್ ಪ್ರದೇಶದ ನಕ್ಷೆಯನ್ನು ಚೌಕಗಳಾಗಿ ಕತ್ತರಿಸಿದರು. ಜನಗಣತಿಯ ಅಂಕಿಗಳಿಂದ ಪ್ರತಿ ಚೌಕಕ್ಕೂ ಒಂದು ಜನಸಂಖ್ಯೆ ಕೊಟ್ಟರು. ಒಂದು ಚೌಕದ ನಾಳಿನ ಜನಸಂಖ್ಯೆ ಆ ಚೌಕದ ಇಂದಿನ ಜನಸಂಖ್ಯೆಯನ್ನೂ ನೆರೆಯ ಚೌಕಗಳ ಜನಸಂಖ್ಯೆಯನ್ನೂ ಅವಲಂಬಿಸಿರುತ್ತದೆ ಎಂದು ಇಟ್ಟುಕೊಂಡರು. ಜಗತ್ತಿನಲ್ಲಿ ಎಲ್ಲಕ್ಕೂ ಎಲ್ಲದರೊಡನೆ ನಂಟಿದೆ, ಆದರೆ ದೂರದ್ದಕ್ಕಿಂತ ಹತ್ತಿರದ್ದರ ನಂಟು ಗಟ್ಟಿ ಎಂಬ ಮಾತನ್ನು ಅವರು ಆ ಪ್ರಬಂಧದಲ್ಲೇ ಹೇಳಿದರು. ಲೆಕ್ಕವನ್ನು ಕಂಪ್ಯೂಟರಿನ ಕೈಗೆಟುಕುವಷ್ಟಕ್ಕೆ ಇಳಿಸಲು ಆಡಿದ ಮಾತು ಅದು. ಇವತ್ತು ಜಗತ್ತಿನ ಅನೇಕ ಭೂಗೋಳ ತರಗತಿಗಳಲ್ಲಿ ಅದನ್ನು ಭೂಗೋಳದ ಮೊದಲ ನಿಯಮ ಎಂದು ಕಲಿಸುತ್ತಾರೆ. ಟೋಬ್ಲರ್ ಒತ್ತಿ ಹೇಳಿದ ಇನ್ನೊಂದು ಸಂಗತಿಯಿದೆ. ಕಣ್ಣಿಗೆ ಜಟಿಲವಾಗಿ ಕಂಡ ಮಾತ್ರಕ್ಕೆ ಅದರ ಹಿಂದಿನ ನಿಯಮವೂ ಜಟಿಲವೇ ಆಗಿರಬೇಕಿಲ್ಲ ಎಂಬುದು. ನಗರಗಳ ಸಿಮ್ಯುಲೇಷನ್ ಮುಂದೆ ಹಿಡಿದ ಹಾದಿಯೆಲ್ಲ ಈ ಎರಡನೆಯ ಮಾತಿನಿಂದ ಹೊರಟದ್ದು.

ಅವರು ಆಯ್ದುಕೊಂಡ ನಗರದ ಸ್ಥಿತಿ ಆಗ ಹೇಗಿತ್ತು? 1950ರ ಜನಗಣತಿಯಲ್ಲಿ ಡೆಟ್ರಾಯ್ಟ್ ನಗರದ ಜನಸಂಖ್ಯೆ ಸುಮಾರು 18.5 ಲಕ್ಷ. 1970ಕ್ಕೆ ಅದು 15 ಲಕ್ಷದ ಆಸುಪಾಸಿಗೆ ಇಳಿದಿತ್ತು. ಕಾರು ಕಾರ್ಖಾನೆಗಳು ಹೊರವಲಯಕ್ಕೆ ಹೋಗಿದ್ದವು, ಬಿಳಿಯರ ಕುಟುಂಬಗಳು ಉಪನಗರಗಳಿಗೆ ಹೊರಟಿದ್ದವು, 1967ರ ಗಲಭೆಯಲ್ಲಿ ಬೀದಿಬೀದಿಗಳೇ ಸುಟ್ಟಿದ್ದವು. ನಡುವೆ ಊರು ಖಾಲಿಯಾಗುತ್ತಿತ್ತು, ಅಂಚಿನಲ್ಲಿ ಹರಡುತ್ತಿತ್ತು. 2010ರ ಹೊತ್ತಿಗೆ ನಗರದಲ್ಲಿ ಉಳಿದವರು ಸುಮಾರು 7.1 ಲಕ್ಷ. 2013ರಲ್ಲಿ ನಗರಾಡಳಿತ ದಿವಾಳಿ ಅರ್ಜಿ ಹಾಕಿತು. ಹತ್ತಿರದ್ದರ ನಂಟು ಗಟ್ಟಿ ಎಂಬ ನಿಯಮಕ್ಕೆ ಕಾರ್ಖಾನೆಯ ಬಾಗಿಲು ಮುಚ್ಚುವುದು ಗೊತ್ತಿಲ್ಲ, ವರ್ಣದ್ವೇಷವೂ ಗೊತ್ತಿಲ್ಲ. ಈ ವಿದ್ಯೆಯ ಶಕ್ತಿ ಏನು, ಮಿತಿ ಏನು ಎಂಬ ಎರಡೂ ಪ್ರಶ್ನೆ ಹೀಗೆ ಮೊದಲ ಸಿನಿಮಾದ ಜೊತೆಯಲ್ಲೇ ಹುಟ್ಟಿದವು.

ನಗರ ಯಾಕೆ ಹೀಗೆಯೇ ಹರಡುತ್ತದೆ ಎಂದು ಲೆಕ್ಕ ಹಾಕುವ ಚಾಳಿ ಕಂಪ್ಯೂಟರಿಗಿಂತ ಬಹಳ ಹಳೆಯದು. ಜರ್ಮನಿಯ ಮೆಕ್ಲೆನ್‌ಬರ್ಗಿನಲ್ಲಿ ಟೆಲ್ಲೊ ಎಂಬ ಜಮೀನು ನೋಡಿಕೊಂಡಿದ್ದ ಯೋಹಾನ್ ಹೈನ್‌ರಿಕ್ ಫಾನ್ ಥ್ಯೂನನ್ 1826ರಲ್ಲಿ ಒಂದು ಪುಸ್ತಕ ಬರೆದ. ಸಮತಟ್ಟು ಬಯಲಿನ ನಡುವೆ ಒಂದೇ ಒಂದು ಪಟ್ಟಣವಿದ್ದರೆ ಅದರ ಸುತ್ತ ಯಾವ ಬೆಳೆ ಎಷ್ಟು ದೂರದಲ್ಲಿ ಬೆಳೆಯುತ್ತದೆ ಎಂದು, ಸಾಗಣೆಯ ಖರ್ಚನ್ನು ಮುಂದಿಟ್ಟುಕೊಂಡು ಉಂಗುರ ಉಂಗುರವಾಗಿ ಬಿಡಿಸಿ ತೋರಿಸಿದ. ಹಾಲು ತರಕಾರಿ ಊರ ಪಕ್ಕದಲ್ಲಿ, ಆಮೇಲೆ ಸೌದೆಯ ಕಾಡು, ಅದರಾಚೆ ಧಾನ್ಯ, ಕೊನೆಗೆ ದನಗಾಹಿ ಬಯಲು. ತನ್ನ ಜಮೀನಿನ ಲೆಕ್ಕದ ಪುಸ್ತಕಗಳನ್ನೇ ಆಧಾರವಾಗಿಟ್ಟುಕೊಂಡವನು ಅವನು. ಶತಮಾನದ ನಂತರ, 1925ರಲ್ಲಿ, ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಬರ್ಜೆಸ್ ಶಿಕಾಗೊ ನಗರದ ಒಳಗೇ ಅಂಥ ಉಂಗುರಗಳನ್ನು ಗುರುತಿಸಿದ. ಇಬ್ಬರ ಚಿತ್ರಗಳೂ ನಿಂತ ಚಿತ್ರಗಳು. ಅವುಗಳಲ್ಲಿ ಕಾಲವಿರಲಿಲ್ಲ.

ಕಾಲ ಬಂದದ್ದು ಕಾರಿನಿಂದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ನಗರಗಳಲ್ಲಿ ವಾಹನಗಳು ತುಂಬಿಕೊಂಡವು. ಹೆದ್ದಾರಿಗಳನ್ನು ಎಲ್ಲಿ ಹಾಯಿಸಬೇಕು ಎಂದು ತಿಳಿಯಬೇಕಾದರೆ ಇಪ್ಪತ್ತು ವರ್ಷದ ನಂತರ ಜನ ಎಲ್ಲಿರುತ್ತಾರೆ ಎಂದು ಮೊದಲು ತಿಳಿಯಬೇಕಿತ್ತು. 1953ರಲ್ಲಿ ಡೆಟ್ರಾಯ್ಟಿನಲ್ಲಿ, 1955ರಲ್ಲಿ ಶಿಕಾಗೊದಲ್ಲಿ ಜೆ. ಡಗ್ಲಸ್ ಕ್ಯಾರೊಲ್ ಅವರ ನೇತೃತ್ವದಲ್ಲಿ ದೊಡ್ಡ ಸಂಚಾರ ಅಧ್ಯಯನಗಳು ಶುರುವಾದವು. ಮನೆಮನೆಗೆ ಹೋಗಿ ಯಾರು ಎಲ್ಲಿಂದ ಎಲ್ಲಿಗೆ ಯಾಕೆ ಹೋಗುತ್ತಾರೆ ಎಂದು ಕೇಳಿ, ಉತ್ತರಗಳನ್ನು ಪಂಚ್ ಕಾರ್ಡುಗಳಿಗೆ ತುಂಬಿ, ಯಂತ್ರಗಳಲ್ಲಿ ಎಣಿಸಿದರು. 1964ರಲ್ಲಿ ರ‍್ಯಾಂಡ್ ಸಂಸ್ಥೆಯ ಐರಾ ಲೌರಿ ಪಿಟ್ಸ್‌ಬರ್ಗ್ ನಗರಕ್ಕೆ ಒಂದು ಮಾದರಿ ಕಟ್ಟಿದ. ಮೂಲ ಕೈಗಾರಿಕೆ ಇಂತಲ್ಲಿದೆ ಎಂದು ಹೇಳಿಬಿಟ್ಟರೆ ಸಾಕು. ಕಾರ್ಮಿಕರ ಮನೆಗಳು ಎಲ್ಲಿ ಬರುತ್ತವೆ, ಆ ಮನೆಗಳಿಗೆ ಬೇಕಾದ ಅಂಗಡಿ ಶಾಲೆಗಳು ಎಲ್ಲಿ ಬರುತ್ತವೆ, ಆ ಅಂಗಡಿಗಳ ನೌಕರರು ಮತ್ತೆ ಎಲ್ಲಿ ಮನೆ ಹಿಡಿಯುತ್ತಾರೆ ಎಂದು ಅದು ಸುತ್ತಿಸುತ್ತಿ ಲೆಕ್ಕ ಹಾಕುತ್ತಿತ್ತು. ಇವತ್ತಿನ ಅನೇಕ ಭೂಬಳಕೆ ಮಾದರಿಗಳಿಗೆ ಲೌರಿಯ ಈ ಸುತ್ತೇ ಮೂಲ.

1969ರಲ್ಲಿ ಬಂದ ‘ಅರ್ಬನ್ ಡೈನಾಮಿಕ್ಸ್’ ಪುಸ್ತಕದಷ್ಟು ಜಗಳ ಎಬ್ಬಿಸಿದ ನಗರ ಮಾದರಿ ಇನ್ನೊಂದಿಲ್ಲ. ಲೇಖಕ ಜೇ ಫಾರೆಸ್ಟರ್ ಎಂಐಟಿಯ ಇಂಜಿನಿಯರು. ಕಂಪ್ಯೂಟರುಗಳಿಗೆ ಕಾಂತೀಯ ನೆನಪುಕೋಶ ಒದಗಿಸಿಕೊಟ್ಟವರಲ್ಲಿ ಪ್ರಮುಖ. ಬಾಸ್ಟನ್ನಿನ ಮಾಜಿ ಮೇಯರ್ ಜಾನ್ ಕಾಲಿನ್ಸ್ ಎಂಐಟಿಗೆ ಬಂದು ಪಕ್ಕದ ಕೋಣೆಯಲ್ಲಿ ಕೂತ ಮೇಲೆ ಇಬ್ಬರ ನಡುವೆ ಮಾತು ಬೆಳೆದು ಆ ಮಾದರಿ ಹುಟ್ಟಿತು. ಉದ್ಯಮ, ವಸತಿ, ಜನ ಈ ಮೂರರ ನಡುವಿನ ಕೊಡುಕೊಳುವಿಕೆಯನ್ನು ಸಮೀಕರಣಗಳಲ್ಲಿ ಬರೆದು 250 ವರ್ಷಗಳ ಕಾಲ ಓಡಿಸಿದರು. ಬಡವರಿಗೆ ಅಗ್ಗದ ಮನೆ ಕಟ್ಟಿಸಿಕೊಟ್ಟರೆ ನಗರ ಇನ್ನಷ್ಟು ಕುಸಿಯುತ್ತದೆ, ಹಳೆಯ ಮನೆಗಳನ್ನು ಕೆಡವಿ ಉದ್ಯಮಕ್ಕೆ ಜಾಗ ಮಾಡಿದರೆ ಚೇತರಿಸಿಕೊಳ್ಳುತ್ತದೆ ಎಂಬ ಉತ್ತರ ಬಂತು. ಟೀಕೆಗಳು ಸುರಿದವು. ಸುರಿಯಬೇಕಾದದ್ದೇ. ಆ ಮಾದರಿಯಲ್ಲಿ ನಕ್ಷೆಯೇ ಇರಲಿಲ್ಲ, ಉಪನಗರಗಳಿರಲಿಲ್ಲ. ಕೆಡವಿದ ಮನೆಗಳವರು ಎಲ್ಲಿ ಹೋಗುತ್ತಾರೆ ಎಂದು ಅದು ಕೇಳಲೇ ಇಲ್ಲ. ನಗರದ ಗಡಿ ದಾಟಿದವರು ಲೆಕ್ಕದಿಂದಲೇ ಮಾಯ. ಮಾದರಿಯ ಒಳಗೆ ಏನಿದೆ ಎಂಬುದಕ್ಕಿಂತ ಏನನ್ನು ಹೊರಗೆ ಬಿಟ್ಟಿದ್ದಾರೆ ಎಂಬುದನ್ನು ಮೊದಲು ನೋಡಬೇಕು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಮುಂದೆ 1989ರಲ್ಲಿ ವಿಲ್ ರೈಟ್ ರೂಪಿಸಿದ ‘ಸಿಮ್‌ಸಿಟಿ’ ಎಂಬ ಆಟಕ್ಕೆ ಪ್ರೇರಣೆಯಾದದ್ದು ಇದೇ ಪುಸ್ತಕ. ನಗರ ಯೋಜನೆ ಎಂದರೇನು ಎಂದು ಒಂದು ಪೀಳಿಗೆಯ ಎಷ್ಟೋ ಮಕ್ಕಳು ಕಲಿತದ್ದು ಆ ಆಟದಿಂದ.

1973ರಲ್ಲಿ ಡಗ್ಲಸ್ ಲೀ ಎಂಬ ವಿದ್ವಾಂಸ ದೈತ್ಯ ಮಾದರಿಗಳಿಗೆಲ್ಲ ಚರಮಗೀತೆ ಬರೆದ. ಅವುಗಳ ಏಳು ಪಾಪಗಳನ್ನು ಪಟ್ಟಿ ಮಾಡಿದ. ಎಲ್ಲವನ್ನೂ ಒಟ್ಟಿಗೆ ಹೇಳಹೊರಡುವುದು, ಆದರೂ ತೀರ ಒರಟಾಗಿರುವುದು, ಅಂಕಿ ಅಂಶಗಳನ್ನು ಎಷ್ಟು ತಿಂದರೂ ಹಸಿವು ತೀರದಿರುವುದು, ಮಿತಿಮೀರಿ ದುಬಾರಿಯಾಗಿರುವುದು ಅವುಗಳಲ್ಲಿ ಕೆಲವು. ಆ ಹೊತ್ತಿಗೆ ಸರ್ಕಾರದ ಹಣವೂ ಬತ್ತಿತ್ತು. ನಗರಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವ ಉತ್ಸಾಹ ಹದಿನೈದು ವರ್ಷ ಮಂಕಾಯಿತು.

ಅದು ಮತ್ತೆ ಚಿಗುರಿದ್ದು ನಗರ ಯೋಜಕರ ಮನೆಯಲ್ಲಿ ಅಲ್ಲ, ಗಣಿತದವರ ಮನೆಯಲ್ಲಿ. 1940ರ ದಶಕದ ಕೊನೆಗೆ ಲಾಸ್ ಅಲಮಾಸ್‌ನಲ್ಲಿ ಸ್ಟಾನಿಸ್ಲಾ ಉಲಾಮ್ ಕೊಟ್ಟ ಸಲಹೆಯನ್ನು ಹಿಡಿದು ಜಾನ್ ಫಾನ್ ನಾಯ್ಮನ್ ತನ್ನನ್ನು ತಾನೇ ನಕಲು ಮಾಡಿಕೊಳ್ಳಬಲ್ಲ ಯಂತ್ರವೊಂದನ್ನು ಚೌಕಗಳ ಹಾಸಿನ ಮೇಲೆ ಕಲ್ಪಿಸಿದ. ಪ್ರತಿ ಚೌಕಕ್ಕೆ 29 ಸ್ಥಿತಿಗಳಿದ್ದವು. 1970ರಲ್ಲಿ ಕೇಂಬ್ರಿಜ್‌ನ ಜಾನ್ ಕಾನ್‌ವೇ ಅದನ್ನು ಎರಡಕ್ಕೆ ಇಳಿಸಿದ: ಬದುಕಿದೆ, ಇಲ್ಲ. ಸುತ್ತಲಿನ ಎಂಟು ಚೌಕಗಳಲ್ಲಿ ಸರಿಯಾಗಿ ಮೂರು ಬದುಕಿದ್ದರೆ ಖಾಲಿ ಚೌಕದಲ್ಲಿ ಜೀವ ಮೂಡುತ್ತದೆ, ಎರಡು ಅಥವಾ ಮೂರಿದ್ದರೆ ಇದ್ದದ್ದು ಉಳಿಯುತ್ತದೆ, ಇಲ್ಲವಾದರೆ ಸಾಯುತ್ತದೆ. ಇಷ್ಟೇ ನಿಯಮದಿಂದ ಪರದೆಯ ತುಂಬ ಊಹಿಸಲಾಗದ ಆಕಾರಗಳು ಓಡಾಡಿದವು. ಟೋಬ್ಲರ್ ಹೇಳಿದ್ದ ಮಾತಿಗೆ ಕಣ್ಣೆದುರಿನ ಸಾಕ್ಷಿ ಸಿಕ್ಕಿತು. 1980ರ ದಶಕದಲ್ಲಿ ಹೆಲೆನ್ ಕೂಕ್ಲೆಲಿಸ್, 1990ರ ದಶಕದ ಮೊದಲಲ್ಲಿ ರೋಜರ್ ವೈಟ್ ಮತ್ತು ಗೈ ಎಂಗೆಲೆನ್ ಈ ಚೌಕಗಳ ಲೆಕ್ಕವನ್ನು ನಗರಗಳಿಗೆ ಹೊಂದಿಸಿದರು. ಮೈಕಲ್ ಬ್ಯಾಟಿ ಮತ್ತು ಪಾಲ್ ಲಾಂಗ್ಲಿ 1994ರಲ್ಲಿ ನಗರಗಳ ಅಂಚು ಕರಾವಳಿಯಂತೆ ಎಷ್ಟು ಹತ್ತಿರ ಹೋಗಿ ನೋಡಿದರೂ ಅಂಕುಡೊಂಕಾಗಿಯೇ ಇರುತ್ತದೆ ಎಂದು ಅಳೆದು ತೋರಿಸಿದರು.

ಆಗ ಬಂದವರು ಭೂಗೋಳ ವಿಜ್ಞಾನಿ ಕೀತ್ ಕ್ಲಾರ್ಕ್. ಅವರು ಮೊದಲು ಚೌಕಗಳ ಮೇಲೆ ಹಬ್ಬಿಸಿದ್ದು ಊರನ್ನಲ್ಲ, ಬೆಂಕಿಯನ್ನು. ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚು ಗಾಳಿ, ಇಳಿಜಾರು, ಒಣಗಿದ ಪೊದೆಗಳನ್ನು ಅನುಸರಿಸಿ ಹೇಗೆ ಹರಡುತ್ತದೆ ಎಂಬ ಮಾದರಿಯನ್ನು 1994ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ್ದರು. ಅದೇ ಜಾಡಿನಲ್ಲಿ, ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಲೆನರ್ಡ್ ಗೇಡೋಸ್ ಮತ್ತು ಸ್ಟೇಸಿ ಹಾಪನ್ ಅವರ ಜೊತೆಗೂಡಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ನಗರೀಕರಣದ ಮಾದರಿ ಕಟ್ಟಿ 1997ರಲ್ಲಿ ಹೊರತಂದರು. ಅದಕ್ಕೆ ಮುಂದೆ ‘ಸ್ಲೂತ್’ ಎಂಬ ಹೆಸರು ಬಂತು. ಅದು ಕೇಳುವ ಆರು ನಕ್ಷೆಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿದ ಹೆಸರು: ನೆಲದ ಇಳಿಜಾರು, ಭೂಬಳಕೆ, ಕಟ್ಟಬಾರದ ಜಾಗ, ಈಗಾಗಲೇ ಊರಾಗಿರುವ ಜಾಗ, ರಸ್ತೆಗಳು, ಬೆಟ್ಟಗುಡ್ಡಗಳ ನೆರಳು. ಕೊನೆಯದು ಚಿತ್ರ ಸ್ಪಷ್ಟವಾಗಿ ಕಾಣಲೆಂದು, ಅಷ್ಟೆ.

ಈ ಮಾದರಿಯಲ್ಲಿ ಊರು ನಾಲ್ಕು ಬಗೆಯಲ್ಲಿ ಬೆಳೆಯುತ್ತದೆ. ಎಲ್ಲೋ ಹೊಲದ ನಡುವೆ ಒಂದು ಚೌಕ ತಾನಾಗಿ ಕಟ್ಟಡವಾಗುತ್ತದೆ. ಅಂಥ ಒಂಟಿ ಚೌಕಗಳಲ್ಲಿ ಕೆಲವು ಪಕ್ಕದ ಚೌಕಗಳನ್ನು ಎಳೆದುಕೊಂಡು ಹೊಸ ಕೇಂದ್ರಗಳಾಗುತ್ತವೆ. ಹಳೆಯ ಊರಿನ ಅಂಚಿನಲ್ಲಿ ಮೂರು ಕಡೆ ಕಟ್ಟಡವಿರುವ ಖಾಲಿ ಜಾಗ ತುಂಬಿಕೊಳ್ಳುತ್ತದೆ. ಹೊಸ ಚೌಕವೊಂದು ಹತ್ತಿರದ ರಸ್ತೆಯನ್ನು ಹುಡುಕಿ, ಅದರ ಗುಂಟ ನಡೆದು ಹೋಗಿ, ಇನ್ನೆಲ್ಲೋ ನೆಲೆ ನಿಲ್ಲುತ್ತದೆ. ಒಂದು ಸುತ್ತು ಮುಗಿದರೆ ಒಂದು ವರ್ಷ. ಯಾವ ಬಗೆ ಎಷ್ಟು ಜೋರು ಎಂಬುದನ್ನು ಐದು ಅಂಕಿಗಳು ತೀರ್ಮಾನಿಸುತ್ತವೆ: ಚದುರುವಿಕೆ, ಹೊಸ ಕೇಂದ್ರ ಹುಟ್ಟುವಿಕೆ, ಅಂಚಿನ ಹರಡುವಿಕೆ, ಇಳಿಜಾರಿನ ತಡೆ, ರಸ್ತೆಯ ಸೆಳೆತ. ಪ್ರತಿಯೊಂದೂ 0ಯಿಂದ 100ರೊಳಗೆ. ಬೆಳವಣಿಗೆ ತೀರ ಚುರುಕಾದರೆ ಮಾದರಿ ತನ್ನ ಅಂಕಿಗಳನ್ನು ತಾನೇ ಏರಿಸಿಕೊಳ್ಳುತ್ತದೆ, ಸೊರಗಿದರೆ ಇಳಿಸಿಕೊಳ್ಳುತ್ತದೆ. ನಗರಗಳ ಏರುಕಾಲ ಇಳಿಗಾಲ ಹೀಗೆ ಲೆಕ್ಕದ ಒಳಗೆ ಬಂದವು.

ಆ ಐದು ಅಂಕಿಗಳನ್ನು ಕೊಡುವವರು ಯಾರು? ಇತಿಹಾಸ. ಇದೇ ಈ ವಿದ್ಯೆಯ ಜೀವಾಳ. ಕೊಲ್ಲಿ ಪ್ರದೇಶಕ್ಕೆ 19ನೆಯ ಶತಮಾನದ ನಡುವಿನಿಂದ ಸಿಗುವ ಹಳೆಯ ನಕ್ಷೆಗಳು, ಆಮೇಲಿನ ವಿಮಾನದ ಫೋಟೊಗಳು, 1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ ಮೇಲಿನ ಉಪಗ್ರಹ ಚಿತ್ರಗಳು, ಎಲ್ಲವನ್ನೂ ಒಂದೇ ಅಳತೆಗೆ ತಂದರು. ಹಳೆಯ ನಕ್ಷೆಯನ್ನು ಮಾದರಿಗೆ ಕೊಟ್ಟು ಮುಂದಕ್ಕೆ ಓಡಿಸಿದರು. ಅದು ಬಿಡಿಸಿದ ಊರನ್ನು ನಿಜವಾಗಿ ಬೆಳೆದ ಊರಿನ ಮೇಲಿಟ್ಟು ನೋಡಿದರು. ಹೊಂದದಿದ್ದರೆ ಅಂಕಿಗಳನ್ನು ಬದಲಿಸಿ ಮತ್ತೆ ಓಡಿಸಿದರು. ಐದು ಅಂಕಿಗಳ ಸಾವಿರಾರು ಜೋಡಣೆಗಳನ್ನು ಹೀಗೆ ಸೋಸಲು ಆಗಿನ ಕಂಪ್ಯೂಟರುಗಳಿಗೆ ದಿನಗಟ್ಟಲೆ ಬೇಕಾಗುತ್ತಿತ್ತು. ಭೂತಕಾಲವನ್ನು ಸರಿಯಾಗಿ ಬಿಡಿಸಬಲ್ಲ ಜೋಡಣೆಗೆ ಮಾತ್ರ ಭವಿಷ್ಯ ಬಿಡಿಸುವ ಅಧಿಕಾರ. ಆಗಲೂ ಒಂದೇ ಸಲ ಓಡಿಸುವುದಿಲ್ಲ. ಹತ್ತಾರು ಸಲ ಓಡಿಸಿ, ಒಂದು ಚೌಕ ಎಷ್ಟು ಸಲ ಊರಾಯಿತು ಎಂದು ಎಣಿಸಿ, ಅದನ್ನೇ ಸಾಧ್ಯತೆ ಎನ್ನುತ್ತಾರೆ. ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ನಡುವಿನ ಪ್ರದೇಶಕ್ಕೆ ಎರಡು ಶತಮಾನಗಳ ನಕ್ಷೆಗಳನ್ನು ಜೋಡಿಸಿದರು. ಪೋರ್ಚುಗಲ್‌ನಲ್ಲಿ ಎಲಿಸಬೆತ್ ಸಿಲ್ವಾ ಅವರು ಕ್ಲಾರ್ಕ್ ಜೊತೆ ಲಿಸ್ಬನ್ ಮತ್ತು ಪೋರ್ಟೊ ನಗರಗಳಿಗೆ ಅದನ್ನೇ ಹೊಂದಿಸಿ 2002ರಲ್ಲಿ ಪ್ರಕಟಿಸಿದರು. ಒಂದೇ ದೇಶದ ಆ ಎರಡು ನಗರಗಳಿಗೂ ಬೇರೆ ಬೇರೆ ಅಂಕಿಗಳು ಬಂದವು. ಪ್ರತಿ ಊರಿಗೂ ತನ್ನದೇ ನಡಿಗೆಯಿದೆ ಎಂದು ಮಾದರಿ ಅಂಕಿಯಲ್ಲಿ ಹೇಳಿತು.

ಆರು ನಕ್ಷೆಗಳಲ್ಲಿ ಇಳಿಜಾರು ಪ್ರಕೃತಿಯ ಕೈಯಲ್ಲಿದೆ. ಊರಾಗಿರುವ ಜಾಗ ಹಿಂದಿನವರು ಬಿಟ್ಟು ಹೋದದ್ದು. ಕಟ್ಟಬಾರದ ಜಾಗದ ನಕ್ಷೆಯೊಂದು ಮಾತ್ರ ಪೂರ್ತಿಯಾಗಿ ಬದುಕಿರುವವರ ಕೈಯಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಥೆಯೇ ಇದಕ್ಕೆ ಸಾಕ್ಷಿ, ಮತ್ತು ಅದು ಕ್ಲಾರ್ಕ್ ಅಲ್ಲಿಗೆ ಕಂಪ್ಯೂಟರ್ ತರುವುದಕ್ಕಿಂತ ಮೂರು ದಶಕ ಹಿಂದಿನದು.

1959ರಲ್ಲಿ ಅಮೆರಿಕದ ಸೇನಾ ಇಂಜಿನಿಯರುಗಳ ವಿಭಾಗಕ್ಕಾಗಿ ತಯಾರಾದ ವರದಿಯೊಂದರಲ್ಲಿ 2020ರವರೆಗಿನ ಬೆಳವಣಿಗೆಯ ಅಂದಾಜಿತ್ತು. ಕೊಲ್ಲಿಯ ಆಳವಿಲ್ಲದ ನೀರನ್ನೆಲ್ಲ ಮಣ್ಣು ಸುರಿದು ತುಂಬಬಹುದು ಎಂದು ತೋರಿಸುವ ನಕ್ಷೆ ಅದರಲ್ಲಿತ್ತು. ಆ ನಕ್ಷೆಯಂತೆ ನಡೆದಿದ್ದರೆ ಕೊಲ್ಲಿಯ ಜಾಗದಲ್ಲಿ ಉಳಿಯುತ್ತಿದ್ದದ್ದು ಒಂದು ಹೊಳೆಯಷ್ಟು ನೀರು. ಅದಾಗಲೇ ಕೊಲ್ಲಿಯ ಸುಮಾರು ಮೂರನೆಯ ಒಂದು ಭಾಗ ಒಡ್ಡು ಕಟ್ಟಿ ಅಥವಾ ಮಣ್ಣು ತುಂಬಿ ಹೋಗಿತ್ತು. ನಕ್ಷೆ ಪತ್ರಿಕೆಯಲ್ಲಿ ಬಂತು. ಬರ್ಕ್ಲಿಯ ಮೂವರು ಮಹಿಳೆಯರು, ಕೇ ಕೆರ್, ಸಿಲ್ವಿಯಾ ಮೆಕ್‌ಲಾಕ್ಲಿನ್, ಎಸ್ತರ್ ಗುಲಿಕ್, ಅದನ್ನು ನೋಡಿ 1961ರಲ್ಲಿ ಕೊಲ್ಲಿ ಉಳಿಸುವ ಸಂಘ ಕಟ್ಟಿದರು. ಸದಸ್ಯತ್ವಕ್ಕೆ ಒಂದು ಡಾಲರ್. 1965ರಲ್ಲಿ ಕ್ಯಾಲಿಫೋರ್ನಿಯಾ ಕಾಯಿದೆ ತಂದು, ಅನುಮತಿಯಿಲ್ಲದೆ ಕೊಲ್ಲಿಗೆ ಮಣ್ಣು ಸುರಿಯದಂತೆ ಆಯೋಗವೊಂದನ್ನು ಸ್ಥಾಪಿಸಿತು. 1969ರಲ್ಲಿ ಅದು ಕಾಯಂ ಆಯಿತು. 2020 ಬಂದು ಹೋಯಿತು. ಕೊಲ್ಲಿ ಕೊಲ್ಲಿಯಾಗಿಯೇ ಇದೆ. 1959ರ ಅಂದಾಜು ತಪ್ಪಾದದ್ದು ಲೆಕ್ಕ ಕೆಟ್ಟಿದ್ದರಿಂದಲ್ಲ, ನೋಡಿದವರು ಎಚ್ಚೆತ್ತಿದ್ದರಿಂದ. ಒಂದು ಮುನ್ನೋಟಕ್ಕೆ ಇದಕ್ಕಿಂತ ದೊಡ್ಡ ಸಾರ್ಥಕ್ಯ ಇರಲಾರದು. ಮುಂದೆ 2004ರಲ್ಲಿ ಕ್ಲೇರ್ ಜಾಂಟ್ಸ್ ಮತ್ತು ಜೊತೆಗಾರರು ಬಾಲ್ಟಿಮೋರ್–ವಾಷಿಂಗ್ಟನ್ ಪ್ರದೇಶಕ್ಕೆ ಸ್ಲೂತ್ ಬಳಸಿ ಇದನ್ನೇ ಲೆಕ್ಕದಲ್ಲಿ ಮಾಡಿದರು. ಈಗಿನ ಚಾಳಿಯೇ ಮುಂದುವರಿದರೆ, ಬೆಳವಣಿಗೆಗೆ ಕಡಿವಾಣ ಹಾಕಿದರೆ, ಕಾಡು ನೀರು ಹೊಲಗಳನ್ನು ಬಿಗಿಯಾಗಿ ಕಾಪಾಡಿದರೆ ಎಂದು ಮೂರು ಬೇರೆ ಬೇರೆ ನಿಷೇಧ ನಕ್ಷೆಗಳನ್ನು ಕೊಟ್ಟು 2030ರವರೆಗೆ ಓಡಿಸಿ, ಮೂರು ಬೇರೆ ಬೇರೆ ನಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟರು. ಚೀನಾದ ಡೊಂಗ್ವಾನ್‌ನಲ್ಲಿ ಲಿ ಶಿಯಾ ಮತ್ತು ಆಂಥನಿ ಯೇ ಇಂಥದ್ದೇ ಮಾದರಿಯಿಂದ ಎಷ್ಟು ಕೃಷಿಭೂಮಿ ಸುಮ್ಮನೆ ಹಾಳಾಯಿತು, ಎಷ್ಟನ್ನು ಉಳಿಸಬಹುದಿತ್ತು ಎಂದು ತೋರಿಸಿದರು.

ಕರ್ನಾಟಕಕ್ಕೆ ಈ ವಿದ್ಯೆ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೂಲಕ. ಅಲ್ಲಿನ ಎಚ್.ಎಸ್. ಸುಧೀರ, ಟಿ.ವಿ. ರಾಮಚಂದ್ರ, ಕೆ.ಎಸ್. ಜಗದೀಶ್ ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ವಸ್ತು ಬೆಂಗಳೂರಲ್ಲ, ಉಡುಪಿ–ಮಂಗಳೂರು ಹೆದ್ದಾರಿ. 1972ರಿಂದ 1999ರ ನಡುವೆ ಆ ದಾರಿಯ ಇಕ್ಕೆಲದ ಜನಸಂಖ್ಯೆ ಶೇ. 54ರಷ್ಟು ಹೆಚ್ಚಿದರೆ ಕಟ್ಟಡ ಆವರಿಸಿದ ನೆಲ ಸುಮಾರು ಶೇ. 146ರಷ್ಟು ಹೆಚ್ಚಿತ್ತು. ಜನ ಹೆಚ್ಚಿದ್ದಕ್ಕೆ ಊರು ಹಿಗ್ಗಿತು ಎಂಬ ಸುಲಭದ ವಿವರಣೆ ಈ ಎರಡು ಅಂಕಿಗಳ ಮುಂದೆ ನಿಲ್ಲುವುದಿಲ್ಲ. ತಲೆಗೆ ಬೀಳುವ ನೆಲವೇ ಹೆಚ್ಚಾಗಿತ್ತು, ಅದೂ ರಸ್ತೆಯ ಗುಂಟ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ದಾಟಿ ಬಸ್ಸಿನಲ್ಲಿ ಹೋದವರಿಗೆ ಒಂದು ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಇವತ್ತು ಹೇಳುವುದು ಕಷ್ಟ. ಕ್ಲಾರ್ಕ್ ಹೇಳಿದ ರಸ್ತೆಯ ಸೆಳೆತ ಅದು.

ಬೆಂಗಳೂರನ್ನು ಈ ಕಣ್ಣಿನಿಂದ ನೋಡಿದರೆ ತಕ್ಷಣ ಒಂದು ಸಂಗತಿ ಎದ್ದು ಕಾಣುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿನ ಈ ಊರಿಗೆ ಅಡ್ಡವಾಗಿ ಸಮುದ್ರವಿಲ್ಲ, ದೊಡ್ಡ ಹೊಳೆಯಿಲ್ಲ, ಕಡಿದಾದ ಬೆಟ್ಟಸಾಲಿಲ್ಲ. ಮುಂಬೈಯನ್ನು ಅರಬ್ಬಿ ಸಮುದ್ರ ತಡೆಯಿತು; ಬೆಂಗಳೂರನ್ನು ಪ್ರಕೃತಿ ಯಾವ ದಿಕ್ಕಿನಲ್ಲೂ ತಡೆಯಲಿಲ್ಲ. ಮೈಸೂರು, ತುಮಕೂರು, ಬಳ್ಳಾರಿ, ಹಳೆ ಮದ್ರಾಸು, ಹೊಸೂರು, ಕನಕಪುರ ರಸ್ತೆಗಳು ಎಲ್ಲ ಕಡೆಗೂ ಕೈಚಾಚಿ ಕರೆದವು. ಇಲ್ಲಿ ತಡೆ ಎಂಬುದೊಂದು ಇದ್ದರೆ ಅದು ಮನುಷ್ಯರು ಬೇಡ ಎಂದು ಗೆರೆ ಎಳೆದ ಜಾಗಗಳಿಂದಲೇ ಬರಬೇಕು: ಕೆರೆ, ರಾಜಕಾಲುವೆ, ಗೋಮಾಳ, ಲಾಲ್‌ಬಾಗ್, ಬನ್ನೇರುಘಟ್ಟದ ಕಾಡು, ಹಸಿರು ಪಟ್ಟಿ.

ಆ ಗೆರೆಗಳಿಗೆ ಏನಾಯಿತು ಎಂಬುದು ನಗರದ ಹೆಸರುಗಳಲ್ಲೇ ಇದೆ. ಧರ್ಮಾಂಬುಧಿ ಕೆರೆಯ ಅಂಗಳ ಮೆಜೆಸ್ಟಿಕ್‌ನ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಉಳಿದ ಕೆರೆಗಳನ್ನಾದರೂ ಉಳಿಸಿಕೊಳ್ಳಿ ಎಂದು ಎನ್. ಲಕ್ಷ್ಮಣ ರಾವ್ ಸಮಿತಿ 1980ರ ದಶಕದ ಮಧ್ಯದಲ್ಲೇ ಹೇಳಿತ್ತು. 1984ರ ನಗರ ಅಭಿವೃದ್ಧಿ ಯೋಜನೆ ಊರಿನ ಸುತ್ತ ಹಸಿರು ಪಟ್ಟಿಯನ್ನು ಗುರುತಿಸಿತ್ತು. ಅದರ ನಂತರದ ಒಂದೊಂದು ಯೋಜನೆಯಲ್ಲೂ ಆ ಪಟ್ಟಿ ಕಿರಿದಾಯಿತು. ಯೋಜನೆ ಕಿರಿದು ಮಾಡುವ ಮೊದಲೇ ನೆಲದ ಮೇಲೆ ರೆವಿನ್ಯೂ ಸೈಟುಗಳು ಬಂದಿದ್ದವು. ರೈತನ ಜಮೀನು ಭೂಪರಿವರ್ತನೆಯಿಲ್ಲದೆ ತುಂಡಾಗಿ, ಸೈಟಾಗಿ, ಮನೆಯಾಗಿ, ಕೊನೆಗೆ ಸಕ್ರಮಕ್ಕೆ ಅರ್ಜಿಯಾಗುತ್ತದೆ. ನಗರ ಮಾದರಿ ಕಟ್ಟುವವರಿಗೆ ಇದು ನಿಜವಾದ ತೊಡಕು. ಯೋಜನೆಯ ಪುಸ್ತಕದಲ್ಲಿರುವ ಹಸಿರು ಬಣ್ಣವನ್ನು ಕಟ್ಟಬಾರದ ಜಾಗ ಎಂದು ಕಂಪ್ಯೂಟರಿಗೆ ಕೊಟ್ಟರೆ ಅದು ಬಿಡಿಸುವ ಬೆಂಗಳೂರು ನಿಜವಾದ ಬೆಂಗಳೂರಿಗೆ ಹೊಂದುವುದಿಲ್ಲ. ಕಾಗದದ ಮೇಲಿನ ನಿಷೇಧ ನೆಲದ ಮೇಲೆ ನಿಷೇಧವಾಗಿರಲಿಲ್ಲವಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮಚಂದ್ರ, ಭರತ್ ಐತಾಳ್ ಮತ್ತು ಸಂಗಡಿಗರು 1973ರಿಂದ ಈಚಿನ ಉಪಗ್ರಹ ಚಿತ್ರಗಳನ್ನು ಸಾಲಾಗಿ ಜೋಡಿಸಿದರು. 1973ರಲ್ಲಿ ಈ ಪ್ರದೇಶದ ಸುಮಾರು ಶೇ. 8ರಷ್ಟು ನೆಲ ಮಾತ್ರ ಕಟ್ಟಡ ಮತ್ತು ರಸ್ತೆಯ ಅಡಿಯಲ್ಲಿತ್ತು. ಆ ಸಾಲನ್ನು ಚೌಕಗಳ ಮಾದರಿಗೆ ಕೊಟ್ಟು ಮುಂದಕ್ಕೆ ಓಡಿಸಿದಾಗ 2020ರ ಹೊತ್ತಿಗೆ ಅದು ಶೇ. 90 ದಾಟುತ್ತದೆ ಎಂಬ ಉತ್ತರ ಬಂತು. ಸುದ್ದಿ ಪತ್ರಿಕೆಗಳಲ್ಲಿ ಬಂತು, ಚರ್ಚೆಯಾಯಿತು. ಸ್ಯಾನ್ ಫ್ರಾನ್ಸಿಸ್ಕೊದವರು 1959ರಲ್ಲಿ ನೋಡಿದ ನಕ್ಷೆಯ ವರ್ಷವೂ 2020, ಬೆಂಗಳೂರಿನವರು ನೋಡಿದ ನಕ್ಷೆಯ ವರ್ಷವೂ 2020. ಅಲ್ಲಿ ಕಾಯಿದೆ ಬಂತು. ಇಲ್ಲಿ 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರ, ಸರ್ಜಾಪುರ ರಸ್ತೆಯ ಸುತ್ತ ಮಳೆನೀರು ಹರಿಯಲು ದಾರಿಯಿಲ್ಲದೆ ಮನೆಗಳಿಗೆ ನುಗ್ಗಿತು, ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋಗಬೇಕಾಯಿತು.

ಈ ಮಾದರಿಗಳನ್ನು ಪಂಚಾಂಗದಂತೆ ನಂಬಬೇಕಿಲ್ಲ. ಈಗಿನ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚೌಕ 30 ಮೀಟರ್ ಉದ್ದ, 30 ಮೀಟರ್ ಅಗಲ. ಅದರೊಳಗೆ ಬೆಂಗಳೂರಿನ 30×40 ಅಡಿಯ ಎಂಟು ಸೈಟುಗಳು ಹಿಡಿಸುತ್ತವೆ. ಎಂಟು ಮನೆಗಳ ನಡುವಿನ ಹೊಂಗೆಮರ, ಹಿತ್ತಲಿನ ತೆಂಗು ಅದರ ಕಣ್ಣಿಗೆ ಬೀಳದೆ ಹೋಗಬಹುದು. ಇಪ್ಪತ್ತು ಅಂತಸ್ತಿನ ಅಪಾರ್ಟ್‌ಮೆಂಟೂ ಅದಕ್ಕೆ ಒಂದೇ, ಹೆಂಚಿನ ಮನೆಯೂ ಒಂದೇ. ಊರಾದ ಚೌಕ ಮತ್ತೆ ಹೊಲವಾಗುವುದನ್ನು ಸ್ಲೂತ್ ಒಪ್ಪುವುದೇ ಇಲ್ಲ. ಡೆಟ್ರಾಯ್ಟಿನ ಪಾಳುಬಿದ್ದ ಬೀದಿಗಳಿಗೆ ಅದರಲ್ಲಿ ಜಾಗವಿಲ್ಲ. ಹಠಾತ್ತನೆ ಬರುವುದನ್ನೂ ಅದು ಕಾಣದು. 1898ರ ಪ್ಲೇಗು ಬರದಿದ್ದರೆ ಬಸವನಗುಡಿ, ಮಲ್ಲೇಶ್ವರ ಆ ಕಾಲಕ್ಕೆ ಆ ಬಗೆಯಲ್ಲಿ ಬೆಳೆಯುತ್ತಿರಲಿಲ್ಲ. 1940ರಲ್ಲಿ ವಿಮಾನ ಕಾರ್ಖಾನೆ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ, ಇವುಗಳಲ್ಲಿ ಯಾವುದನ್ನೂ ಹಿಂದಿನ ನಕ್ಷೆಗಳ ಸಾಲು ಮೊದಲೇ ಹೇಳಲಾರದು. ಇಷ್ಟೆಲ್ಲ ಕೊರತೆಗಳಿದ್ದರೂ, ಹೀಗೆಯೇ ನಡೆದರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕವಾಗಿ ಉತ್ತರಿಸುವ ಸಾಧನ ಇನ್ನೊಂದಿಲ್ಲ. ಅದು ತನ್ನ ಲೆಕ್ಕವನ್ನು ಭೂತಕಾಲದ ಎದುರು ಒರೆಗೆ ಹಚ್ಚಿದ ಮೇಲೆಯೇ ಬಾಯಿ ಬಿಡುತ್ತದೆ. ನಗರ ಯೋಜನೆಯ ಕರಡುಗಳಿಗೆ ಅಂಥ ಒರೆಗಲ್ಲು ಇಲ್ಲ.

ಬೇಕಾದ ಸಾಮಗ್ರಿಗೆ ಈಗ ಕೊರತೆಯಿಲ್ಲ. 2008ರಿಂದ ಲ್ಯಾಂಡ್‌ಸ್ಯಾಟ್ ಚಿತ್ರಗಳು ಎಲ್ಲರಿಗೂ ಉಚಿತ. ಸ್ಲೂತ್ ತಂತ್ರಾಂಶವೂ ಮುಕ್ತವಾಗಿ ಸಿಗುತ್ತದೆ. ಬೆಂಗಳೂರಿನ 2031ರವರೆಗಿನ ಮಹಾಯೋಜನೆಯ ಕರಡು 2017ರಲ್ಲಿ ಹೊರಬಂದು, ಆಮೇಲೆ ಹಿಂದಕ್ಕೆ ಹೋಯಿತು. 2025ರಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ. ಹೊಸ ಯೋಜನೆ ಬರೆಯುವವರು ಕರಡಿನ ಜೊತೆಗೆ ಎರಡು ಸಿಮ್ಯುಲೇಷನ್‌ಗಳನ್ನೂ ಜನರ ಮುಂದಿಡಲಿ: ಕೆರೆ, ರಾಜಕಾಲುವೆ, ಹಸಿರು ಪಟ್ಟಿಗಳ ನಿಷೇಧ ನಿಜವಾಗಿ ಜಾರಿಯಾದರೆ 2050ರ ಊರು ಹೇಗಿರುತ್ತದೆ, ಈಗಿನಂತೆಯೇ ಕಾಗದದ ಮೇಲೆ ಉಳಿದರೆ ಹೇಗಿರುತ್ತದೆ ಎಂದು. ಕರಡಿಗೆ ಆಕ್ಷೇಪಣೆ ಸಲ್ಲಿಸುವ ನಾಗರಿಕರು ಸರ್ಕಾರದಿಂದ ಮೊದಲು ಕೇಳಿ ಪಡೆಯಬೇಕಾದದ್ದು ಈ ಎರಡು ನಕ್ಷೆಗಳನ್ನು.